ರೆಕ್ಕೆಗೆ ಹೂ ಕೇಳಿದ್ದು

ನಮ್ಮ ಧಣಿಗೆ ಅರ್ಥವಾಗುತ್ತಿದ್ದದ್ದು ಒಂದೇ ಅಂಕಿ: ನೇರ ರಸ್ತೆಯ ಕೊನೆಯಲ್ಲಿ ಕಾರು ಎಷ್ಟು ವೇಗ ಮುಟ್ಟಿತು ಎನ್ನುವುದು. ಅದನ್ನು ಫೋನಿನಲ್ಲಿ ಇಟ್ಟುಕೊಂಡು ಗದ್ವಾಲದ ಹತ್ತಿಬೀಜದ ವ್ಯಾಪಾರಿಗಳಿಗೆಲ್ಲ ತೋರಿಸುತ್ತಿದ್ದರು. ಒಂದು ಸುತ್ತು ಮುಗಿಸಲು ಎಷ್ಟು ಹೊತ್ತಾಯಿತು ಎಂದು ಅವರು ಒಮ್ಮೆಯಾದರೂ ಕೇಳಿದ್ದು ನನಗೆ ನೆನಪಿಲ್ಲ. ರೇಸಿನಲ್ಲಿ ಲೆಕ್ಕಕ್ಕೆ ಬರುವುದು ಸುತ್ತಿನ ಹೊತ್ತು, ಒಂದು ಕಡೆಯ ವೇಗವಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

"ಅಲ್ರೀ ಮೇಡಂ, ಜೋರು ಹೋಗೋ ಕಾರು ಮುಂದ ಇರಲಾರದ ಮತ್ತೆಲ್ಲಿ ಇರತೈತ್ರಿ?" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ನಾರಾಯಣಪೇಟೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಗಾಳಿ, ನೀರು ಹೇಗೆ ಹರಿಯುತ್ತವೆ ಎಂಬ ಪಾಠ ಹೇಳುವವಳು. ಮನೆ ಮಕ್ತಲದಲ್ಲಿ. ಧಣಿಯ ಎರಡು ರೇಸ್ ಕಾರುಗಳು ಇದ್ದದ್ದು ಗದ್ವಾಲದಲ್ಲಿ, ಅವರ ಬೀಜದ ಗೋದಾಮಿನ ಒಂದು ಬದಿಗೆ. ಅಲ್ಲಿ ಕಾರಿನ ಬೋಲ್ಟು ಬಿಚ್ಚಿದರೂ ಹತ್ತಿಬೀಜದ ಧೂಳು ಉದುರುತ್ತಿತ್ತು. ರಜೆ ಬಂದರೆ ಸಾಕು, ಜೂರಾಲ ಅಣೆಕಟ್ಟಿನ ಮೇಲೆ ಹೋಗುವ ಬಸ್ಸು ಹಿಡಿದು ಗದ್ವಾಲಕ್ಕೆ ಓಡುತ್ತಿದ್ದೆ. ಮನೆಯಲ್ಲಿ ಬಟ್ಟೆ ರಾಶಿ ಬಿದ್ದಿರಲಿ, ಉತ್ತರಪತ್ರಿಕೆಗಳ ಕಟ್ಟು ಬಾಯಿ ತೆರೆದುಕೊಂಡು ಕೂತಿರಲಿ, ನಾನು ಗೋದಾಮಿನಲ್ಲೇ. ಯಾಕೆಂದರೆ ಆ ಎರಡು ಕಾರುಗಳಲ್ಲಿ ಒಂದನ್ನು ಓಡಿಸುತ್ತಿದ್ದವಳು ನನ್ನ ಅಕ್ಕನ ಮಗಳು.

ಅಕ್ಕ ಈಗಿಲ್ಲ. ಮಕ್ತಲ ಊರಾಚೆಯ ಹೆದ್ದಾರಿಯಲ್ಲಿ ಅವಳ ಸ್ಕೂಟರಿಗೆ ಲಾರಿ ಬಡಿದಾಗ ಹುಡುಗಿ ಇನ್ನೂ ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದಳು. ಅವಳ ಅಪ್ಪ ಬೇರೆ ಸಂಸಾರ ಕಟ್ಟಿಕೊಂಡು ವಡ್ಡೆಪಲ್ಲಿ ಕಡೆ ಹೋದರು. ಹುಡುಗಿಯನ್ನು ಸಾಕಿದವಳು ನನ್ನ ಅವ್ವ. ಅವ್ವ ಅಂದಿನಿಂದ ಆಟೋ ಹತ್ತುವ ಮೊದಲೂ ಕೈಮುಗಿಯುತ್ತಾಳೆ. ಅಂಥವಳ ಕೈತುತ್ತು ತಿಂದು ಬೆಳೆದವಳಿಗೆ ಹಿಡಿದದ್ದು ರೇಸಿನ ಹುಚ್ಚು. ನಮ್ಮ ಕಾಲೇಜಿನ ಹುಡುಗರು ಕಟ್ಟಿದ ಪುಟ್ಟ ಕಾರನ್ನು ಅವಳು ಮೈದಾನದಲ್ಲಿ ಓಡಿಸಿದ್ದನ್ನು ಅಂದಿನ ಸಮಾರಂಭಕ್ಕೆ ಅತಿಥಿಯಾಗಿ ಬಂದಿದ್ದ ಧಣಿ ನೋಡಿದರು. ಎಲ್ಲ ಶುರುವಾಗಿದ್ದು ಅಲ್ಲಿಂದ. ಅವ್ವ ಬೇಡ ಎನ್ನಲಿಲ್ಲ. ಬೇಡ ಎಂದರೆ ಹುಡುಗಿ ಇನ್ನಷ್ಟು ಹಟ ಹಿಡಿಯುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ರೇಸಿನ ದಿನ ಮಾತ್ರ ಒಳಮನೆಯ ದೇವರ ಜಗಲಿಯ ಮುಂದೆ ದೀಪ ಆರದಂತೆ ಎಣ್ಣೆ ಹಾಕುತ್ತ ಕೂತುಬಿಡುತ್ತಿದ್ದಳು. ಗೆದ್ದಳಾ ಎಂದು ಎಂದೂ ಕೇಳುತ್ತಿರಲಿಲ್ಲ. ಕಾರಿನಿಂದ ಇಳಿದಳಾ ಎಂದಷ್ಟೇ ಕೇಳುತ್ತಿದ್ದಳು.

ಆ ವರ್ಷದ ಕೊನೆಯ ರೇಸಿಗೆ ಮೊದಲು ಧಣಿ ಗೋದಾಮಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಒಂದು ಮಾತು ಹೇಳಿದರು. ಮುಂದಿನ ವರ್ಷ ಎರಡು ಕಾರು ಸಾಕುವುದು ಆಗುವುದಿಲ್ಲ, ಒಂದೇ. ಈ ರೇಸಿನಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರಿಗೆ ಸೀಟು, ಇನ್ನೊಬ್ಬರು ಮನೆಗೆ. ಇನ್ನೊಬ್ಬ ಎಂದರೆ ಹೈದರಾಬಾದಿನ ಹುಡುಗ, ಧಣಿಯ ಹೆಂಡತಿಯ ಕಡೆಯ ನೆಂಟ. ಅವನಿಗೆ ಇದು ಹೋದರೆ ಇನ್ನೊಂದು ಸಿಗುತ್ತಿತ್ತು. ಮಕ್ತಲದ ಹುಡುಗಿಯನ್ನು ಕರೆದು ಕಾರಿನಲ್ಲಿ ಕೂರಿಸುವವರು ಬೇರೆ ಯಾರಿದ್ದರು? ಇದು ಹೋದರೆ ಅವಳ ರೇಸು ಅಲ್ಲಿಗೆ ಮುಗಿದಂತೆ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ದಿನ ಮನೆಗೆ ಬಂದು ಊಟಕ್ಕೆ ಕೂತಾಗ ಅವ್ವನಿಗೂ ಹೇಳಿದೆವು.

ಈಗ ರೆಕ್ಕೆಯ ವಿಷಯ ಹೇಳಬೇಕು. "ರೆಕ್ಕಿ ಯಾಕ್ರೀ, ಹಾರಸ್ತೀರೇನು?" ಎಂದು ಕೇಳಿ ನಕ್ಕವರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ, ಆದರೂ ಹೇಳುತ್ತೇನೆ. ಕಾರಿನ ಹಿಂದೆ ಇರುವುದು ವಿಮಾನದ ರೆಕ್ಕೆಯನ್ನೇ ಬೋರಲು ಹಾಕಿದಂಥದ್ದು. ವಿಮಾನದ ರೆಕ್ಕೆ ಮೇಲಕ್ಕೆತ್ತಿದರೆ ಇದು ಕಾರನ್ನು ನೆಲಕ್ಕೆ ಒತ್ತುತ್ತದೆ. ಒತ್ತಿದಷ್ಟೂ ಟೈರುಗಳು ರಸ್ತೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ, ತಿರುವಿನಲ್ಲಿ ಧೈರ್ಯವಾಗಿ ನುಗ್ಗಬಹುದು. ಆದರೆ ಅದೇ ರೆಕ್ಕೆ ಗಾಳಿಗೆ ಅಡ್ಡ ನಿಂತು ನೇರ ರಸ್ತೆಯಲ್ಲಿ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ಅಂಗೈಯನ್ನು ತುಸು ಓರೆ ಮಾಡಿದವರಿಗೆಲ್ಲ ಇದು ಗೊತ್ತು. ನಮ್ಮಲ್ಲಿ ಪ್ರತಿ ಕಾರಿಗೆ ಎರಡು ರೆಕ್ಕೆಗಳಿದ್ದವು. ತೆಳ್ಳಗೆ, ಹೆಚ್ಚುಕಡಿಮೆ ಮಲಗಿದಂತೆ ಇದ್ದದ್ದು ಸಣ್ಣದು. ಅಗಲವಾಗಿ, ಎದ್ದು ನಿಂತಂತೆ ಇದ್ದದ್ದು ದೊಡ್ಡದು.

ರೇಸು ನಡೆಯಬೇಕಿದ್ದ ಟ್ರ್ಯಾಕು ದೂರದ ದಕ್ಷಿಣದ್ದು, ಬಲು ವೇಗದ್ದು. ಎರಡು ಉದ್ದನೆಯ ನೇರ ರಸ್ತೆಗಳು, ಅವೆರಡರ ನಡುವೆ ದೊಡ್ಡದೊಂದು ಬಲತಿರುವು. ಎದೆ ಗಟ್ಟಿ ಇದ್ದವರು ಆ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತುವುದಿಲ್ಲ. ಎತ್ತಿದರೆ ಅಲ್ಲಿ ಕಳೆದುಕೊಂಡ ವೇಗ ಮುಂದಿನ ನೇರ ರಸ್ತೆ ಮುಗಿಯುವವರೆಗೂ ವಾಪಸು ಬರುವುದಿಲ್ಲ. ಅಲ್ಲಿಗೆ ಹೋಗಿ ರೆಕ್ಕೆ ಆರಿಸಿಕೊಂಡರಾಯಿತಲ್ಲ ಎಂದು ನೀವು ಹೇಳಬಹುದು. ಆಗುವುದಿಲ್ಲ. ಸಣ್ಣ ರೆಕ್ಕೆಗೆ ಒಂದು ಥರದ ಗೇರು, ದೊಡ್ಡದಕ್ಕೆ ಇನ್ನೊಂದು. ಅಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಕೂರಲು ನಮಗೆ ಜನವೂ ಇಲ್ಲ, ಹೊತ್ತೂ ಇಲ್ಲ. ಗದ್ವಾಲದಲ್ಲೇ ತೀರ್ಮಾನ ಮಾಡಿ, ಗೇರು ಹಾಕಿ ಮುಚ್ಚಿ, ಸೋಮವಾರ ಸಂಜೆ ಕಾರುಗಳನ್ನು ಲಾರಿಗೆ ಏರಿಸಲೇಬೇಕಿತ್ತು.

ಹೈದರಾಬಾದಿನ ಹುಡುಗನದ್ದು ತಲೆನೋವೇ ಇಲ್ಲ. ಧಣಿ ಸಣ್ಣದು ಎಂದರು, ಅವನು ಹೂಂ ಎಂದ. ನನ್ನ ಕಂಪ್ಯೂಟರೂ ಸಣ್ಣದೇ ಎನ್ನುತ್ತಿತ್ತು, ಕೂದಲೆಳೆಯಷ್ಟು ಅಂತರದಲ್ಲಿ. ಧಣಿಯ ಉತ್ತರವೂ ನನ್ನ ಉತ್ತರವೂ ಒಂದೇ ಆಗಿಬಿಟ್ಟಿದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಲೆಕ್ಕವನ್ನೆಲ್ಲ ತಪ್ಪು ಮಾಡಿ ಉತ್ತರ ಮಾತ್ರ ಸರಿ ಬರೆದ ಹುಡುಗನಿಗೆ ಅಂಕ ಕೊಡಬೇಕಾದಾಗ ಬರುವ ಸಿಟ್ಟು ಅದು. "ನೋಡಿದ್ರ್ಯಾ ಮೇಡಂ, ಕಂಪ್ಯೂಟರ್ ಇಲ್ಲದನ ನಾ ಹೇಳಿದ್ದೆ," ಎಂದು ಅವರು ಮೀಸೆ ತಿರುವಿದಾಗ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಹೊರಗೆ ಹೋಗಿ ನೀರು ಕುಡಿದು ಬಂದೆ.

ಕಂಪ್ಯೂಟರಿನ ತೊಂದರೆ ಏನೆಂದರೆ, ಅದರೊಳಗೆ ಕಾರು ಓಡಿಸುವವನಿಗೆ ಹೆದರಿಕೆ ಅನ್ನುವುದೇ ಇಲ್ಲ. ಹಿಂದಿನ ತಿಂಗಳು ಆ ಟ್ರ್ಯಾಕಿಗೇ ಅಭ್ಯಾಸಕ್ಕೆ ಹೋಗಿದ್ದಾಗ ನಮ್ಮ ಹುಡುಗಿ ಸಣ್ಣ ರೆಕ್ಕೆ ಹಾಕಿಕೊಂಡು ಓಡಿಸಿದ್ದಳು. ಆ ಬಲತಿರುವಿಗೆ ಬಂದಾಗಲೆಲ್ಲ ಕಾಲೆತ್ತುತ್ತಿದ್ದಳು. ಕಾರಿನ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ, ಮುಚ್ಚಿಡಲು ಬರುವುದಿಲ್ಲ.

"ಯಾಕ ಎತ್ತತೀ?"

"ಹಿಂದಿನ ಗಾಲಿ ಹಗುರ ಆದಂಗ ಆಗತೈತಿ ಚಿಗವ್ವ."

"ಆದಂಗ ಆಗತೈತಿ, ಜಾರೂದಿಲ್ಲ. ಲೆಕ್ಕ ಮಾಡಿ ಹೇಳಾಕತ್ತೀನಿ."

"ನಿನ್ನ ಲೆಕ್ಕ ನನ್ನ ಸೀಟಿನ್ಯಾಗ ಬಂದು ಕುಂಡ್ರತೈತೇನು?"

ಸರಿ, ಹಾಗಾದರೆ ದೊಡ್ಡದನ್ನು ಹಾಕೋಣ ಎಂದರೆ ಅದೂ ಬೇಡ. "ದೊಡ್ಡದು ಹಾಕಿದ್ರ ನೇರ ರಸ್ತಿಮ್ಯಾಲ ಅಂವ ನನ್ನ ಬಾಜೂನ ಟಾಟಾ ಮಾಡಿ ಹೋಗತಾನ," ಎನ್ನುತ್ತಿದ್ದಳು. ಬೆಳಿಗ್ಗೆ ಚಹಾ ಕುಡಿಯುವಾಗ ಸಣ್ಣದು, ರೊಟ್ಟಿ ತಿನ್ನುವಾಗ ದೊಡ್ಡದು. ಗದ್ವಾಲದ ಬಸ್ಸಿನಲ್ಲಿ ಹೋಗುವಾಗ ಸಣ್ಣದು, ಬರುವಾಗ ದೊಡ್ಡದು. ನಾನು ನಾರಾಯಣಪೇಟೆಯಲ್ಲಿ ಪಾಠ ಮಾಡುತ್ತಿದ್ದರೆ ಫೋನಿಗೆ ಸಂದೇಶ: "ಸಣ್ಣದು, ಪಕ್ಕಾ." ಬೋರ್ಡಿನ ಕಡೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಇನ್ನೊಂದು: "ಬ್ಯಾಡ, ತಡಿ." ಆ ದಿನ ತರಗತಿಯಲ್ಲಿ ಯಾರೋ ಪಾಪದ ಹುಡುಗ ಏನೋ ಸಂಶಯ ಕೇಳಿದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಅವನು ಕೇಳಿದ್ದು ಕಿಟಕಿ ಮುಚ್ಚಲೇ ಎಂದು ಅಷ್ಟೆ.

ಭಾನುವಾರ ಮಧ್ಯಾಹ್ನ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ನಾನು ಲ್ಯಾಪ್‌ಟಾಪಿನ ಪರದೆಯನ್ನು ಅವಳ ಮುಖದ ಮುಂದೆ ಹಿಡಿದು, ಕಾಲೆತ್ತದಿದ್ದರೆ ಸಣ್ಣದು, ಎತ್ತುವ ಹಾಗಿದ್ದರೆ ದೊಡ್ಡದು, ಎರಡರಲ್ಲಿ ಒಂದು ಹೇಳು, ಇವತ್ತೇ ಹೇಳು ಎಂದು ಕೂಗಾಡಿದೆ. ಅವಳೂ ಕೂಗಿದಳು. ಕೊನೆಗೆ ಎದ್ದು ನಿಂತು ಒಳಮನೆಯ ಕಡೆ ತಿರುಗಿ, "ಅಜ್ಜೀ, ಈಕಿ ಕೂಡ ನನಗ ಆಗೂದಿಲ್ಲ. ನಾಳೆ ದೇವರಿಗೆ ಹೂ ಏರಿಸಿ ಕೇಳಿಬಿಡು," ಎಂದಳು.

ನಮ್ಮ ಮನೆಯಲ್ಲಿ ಹೂ ಕೇಳುವುದು ಹೊಸದಲ್ಲ. ಬೋರು ಎಲ್ಲಿ ಹಾಕಿಸಬೇಕು, ಹೆಣ್ಣು ಯಾವ ಊರಿಂದ ತರಬೇಕು, ಹೊಲವನ್ನು ಪಾಲಿಗೆ ಕೊಡಬೇಕೋ ಬೇಡವೋ, ಎಲ್ಲಕ್ಕೂ ವೀರಭದ್ರನ ಬೆಳ್ಳಿ ಮುಖವಾಡದ ಎರಡು ಬದಿಗೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ ಎಂದು. ನನ್ನ ಓದಿಗೂ ಹೂ ಕೇಳಿದ್ದರು. ಆಗ ಬಲಗಡೆ ಬಿದ್ದಿತ್ತು, ಹಾಗಾಗಿ ನಾನು ತಕರಾರು ಎತ್ತಿರಲಿಲ್ಲ. ಆದರೆ ರೇಸ್ ಕಾರಿನ ರೆಕ್ಕೆಗೆ ಹೂ ಕೇಳುವುದೇ? ಈ ಭೂಮಿಯ ಮೇಲೆ ಬೇರೆ ಯಾವ ತಂಡವಾದರೂ ಹೀಗೆ ಮಾಡಿದ್ದುಂಟೇ? ನನ್ನ ಓದು, ನನ್ನ ಕಂಪ್ಯೂಟರು, ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಲೆಕ್ಕ ಎಲ್ಲ ಒಂದು ಕಣಗಿಲೆ ಹೂವಿಗೆ ಸಮ ಆಯಿತಲ್ಲ! ಲ್ಯಾಪ್‌ಟಾಪನ್ನು ಪಟಾರನೆ ಮುಚ್ಚಿ, "ಏನರ ಮಾಡಿಕೊಂಡು ಹಾಳಾಗಿ ಹೋಗ್ರಿ," ಎಂದು ಅಂಗಳಕ್ಕೆ ಬಂದು ಕೂತೆ.

ಸಂಜೆ ಅವ್ವ ಮೊರದಲ್ಲಿ ಜೋಳ ಹಿಡಿದು ನನ್ನ ಪಕ್ಕ ಬಂದು ಕೂತಳು. ಕಲ್ಲು ಆರಿಸತೊಡಗಿದಳು.

"ದೇವರಿಗೆ ಏನಂತ ಕೇಳಬೇಕು, ಅದರ ಹೇಳು," ಎಂದಳು.

"ಸಣ್ಣ ರೆಕ್ಕಿ ಹಾಕಲಾ ಅಂತ ಕೇಳು. ಬ್ಯಾಡ ಅಂದ್ರ ದೊಡ್ಡದು."

"ಎರಡರಾಗ ನಿಧಾನ ಹೋಗೂದು ಯಾವುದು?"

"ದೊಡ್ಡದು."

"ಖರೇನ?"

"ಖರೇನವ್ವ! ದೊಡ್ಡದು ಗಾಳಿ ಹಿಡಿದು ಹಿಂದಕ ಜಗ್ಗತೈತಿ. ನಿಧಾನ ಹೋಗತೈತಿ. ಸಾಕಾ?" ನನಗೆ ಮತ್ತೆ ವಿವರಿಸುವ ತಾಳ್ಮೆ ಉಳಿದಿರಲಿಲ್ಲ. ಇಡೀ ವಾರ ಧಣಿಗೆ, ಹುಡುಗಿಗೆ, ಕಾಲೇಜಿನವರಿಗೆ, ಕಿರಾಣಿ ಅಂಗಡಿಯವನಿಗೂ ಹೇಳಿ ಮುಗಿದಿತ್ತು. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಅವ್ವ ತಲೆಗೆ ಎರೆದುಕೊಂಡು, ಒದ್ದೆ ಕೂದಲು ಗಂಟು ಹಾಕಿ ಜಗಲಿಯ ಮುಂದೆ ಕೂತಳು. ಗಂಧ ತೇಯ್ದಳು. ಎರಡು ಕೆಂಪು ಕಣಗಿಲೆ ಹೂವನ್ನು ಬೆಳ್ಳಿಯ ಮುಖಕ್ಕೆ ತಾನೇ ಅಂಟಿಸಿದಳು. ಹುಡುಗಿ ಕಣ್ಣು ಮುಚ್ಚಿ ಕೈಮುಗಿದಿದ್ದಳು. ನಾನು ಬಾಗಿಲಲ್ಲಿ ನಿಂತು ಬಸ್ಸಿನ ಹೊತ್ತಾಯಿತು ಎಂದು ಗೊಣಗುತ್ತಿದ್ದೆ.

"ಅಪ್ಪಾ ಈರಭದ್ರಾ, ಹುಡುಗಿ ಸಣ್ಣ ರೆಕ್ಕಿ ಹಾಕ್ಕೊಂಡು ಹೋಗಲೇನು? ಹೇಳಪ್ಪ," ಎಂದು ಅವ್ವ ಕೇಳಿದಳು.

ಹೆಚ್ಚು ಕಾಯಬೇಕಾಗಲಿಲ್ಲ. ಎಡಗಡೆಯ ಹೂ ಮೊದಲು ತುಸು ಬಾಗಿತು, ಆಮೇಲೆ ಜಾರಿ ಪೀಠದ ಮೇಲೆ ಬಿತ್ತು. ಬಲಗಡೆಯದು ಅಲುಗಾಡಲೇ ಇಲ್ಲ. ಹುಡುಗಿಯ ಮುಖ ನೋಡಬೇಕಿತ್ತು! ವಾರದಿಂದ ಬಿಗಿದುಕೊಂಡಿದ್ದ ಭುಜಗಳು ಇಳಿದವು. "ಮುಗೀತು ಚಿಗವ್ವ, ದೊಡ್ಡದು," ಎಂದು ಬಿದ್ದ ಹೂವನ್ನು ಕಣ್ಣಿಗೆ ಒತ್ತಿಕೊಂಡಳು.

ನನಗೆ ಇನ್ನೂ ಒಂದು ಆಸೆ ಇತ್ತು. ಧಣಿ ಒಪ್ಪುವುದಿಲ್ಲ, ಅವರಿಗೆ ಸಣ್ಣದೇ ಬೇಕು, ಅವರೇ ಜಗಳ ಮಾಡಿ ಇದನ್ನು ನಿಲ್ಲಿಸಲಿ ಎಂದು ಬಸ್ಸಿನಿಂದಲೇ ಫೋನು ಮಾಡಿದೆ. ಆರು ತಿಂಗಳು ನನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಮನುಷ್ಯ.

"ಹೂ ಕೇಳಿದ್ರ್ಯಾ? ಈರಭದ್ರ ದೇವರಿಗೆ?" ಎಂದರು.

"ಹೌದ್ರೀ. ದೊಡ್ಡದು ಅಂತ ಆಗೇತಿ. ಆದರ ಲೆಕ್ಕದ ಪ್ರಕಾರ..."

"ಅರೇ, ಇನ್ನ ಲೆಕ್ಕ ಯಾಕ್ರೀ ಮೇಡಂ? ಅಪ್ಪಣಿ ಆದಮ್ಯಾಗ ಮುಗೀತು. ದೊಡ್ಡದಽ ಹಾಕ್ರಿ. ಮದಲಽ ಹೇಳೂದಲ್ಲೇನ್ರಿ, ಸುಮ್ನ ಒಂದು ವಾರ ಪರೇಶಾನ್ ಆದಿವಿ."

ಫೋನನ್ನು ಜೂರಾಲದ ನೀರಿಗೆ ಎಸೆದುಬಿಡಬೇಕು ಅನ್ನಿಸಿತು. ಅಳುವೂ ಬಂತು, ನಗುವೂ ಬಂತು. ಗದ್ವಾಲಕ್ಕೆ ಹೋಗಿ ಹಲ್ಲು ಕಚ್ಚಿಕೊಂಡು ದೊಡ್ಡ ರೆಕ್ಕೆಗೆ ಒಪ್ಪುವ ಗೇರುಗಳನ್ನು ಹಾಕಿಸಿದೆ. ಗೇರ್‌ಬಾಕ್ಸ್ ಮುಚ್ಚಿತು, ಕಾರು ಲಾರಿ ಏರಿತು.

ರೇಸಿನ ದಿನ ನಾನು ನೇರ ರಸ್ತೆಯ ಪಕ್ಕದ ಗೋಡೆಗೆ ಆತು ನಿಂತಿದ್ದೆ. ಮೊದಲಲ್ಲಿ ಎಲ್ಲ ನಾನು ಹೆದರಿದಂತೆಯೇ ಆಯಿತು. ಹೈದರಾಬಾದಿನ ಹುಡುಗ ನನ್ನ ಕಣ್ಣೆದುರಿಗೇ ನಮ್ಮವಳನ್ನು ದಾಟಿಕೊಂಡು ಹೋದ. ಧಣಿ ನನ್ನ ಪಕ್ಕ ನಿಂತು, "ದೇವರು ಏನೋ ಎಣಿಸಿರತಾನ," ಎಂದರು. ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ.

ಆದರೆ ಅವನು ದೂರ ಹೋಗಲಿಲ್ಲ. ನೇರ ರಸ್ತೆಯಲ್ಲಿ ಬಿಟ್ಟ ಅಂತರವನ್ನು ಪ್ರತಿ ಸುತ್ತಿನಲ್ಲೂ ಆ ಬಲತಿರುವು ತಿಂದುಹಾಕುತ್ತಿತ್ತು. ನಮ್ಮವಳು ಅಲ್ಲಿ ಕಾಲೆತ್ತುತ್ತಿರಲಿಲ್ಲ. ಎಂಜಿನ್ನಿನ ಸದ್ದೇ ಹೇಳುತ್ತಿತ್ತು, ಅವನದ್ದು ತಿರುವಿನಲ್ಲಿ ಒಂದು ಗಳಿಗೆ ತಗ್ಗುತ್ತಿತ್ತು, ಅವಳದ್ದು ಒಂದೇ ಸಮ. ಸುತ್ತುಗಳು ಕಳೆದಂತೆ ಸಣ್ಣ ರೆಕ್ಕೆಯ ಅವನ ಕಾರಿನ ಹಿಂಭಾಗ ತಿರುವುಗಳಲ್ಲಿ ಜಾರತೊಡಗಿತು. ಜಾರಿ ಜಾರಿ ಟೈರು ಕಾದವು, ಕಾದಷ್ಟೂ ಇನ್ನಷ್ಟು ಜಾರಿತು. ನನ್ನ ಕಂಪ್ಯೂಟರು ಒಂದು ಸುತ್ತಿನ ಲೆಕ್ಕ ಹಾಕಿತ್ತು, ಹೊಸ ಟೈರಿನ ಮೇಲೆ, ಹೆದರದ ಮನುಷ್ಯನಿಗೆ. ಮುಗಿಯಲು ಸ್ವಲ್ಪವೇ ಉಳಿದಿರುವಾಗ ಅವಳು ಆ ತಿರುವಿನಿಂದ ಅವನಿಗಿಂತ ಎಷ್ಟೋ ಜೋರಾಗಿ ಹೊರಬಿದ್ದು, ಮುಂದಿನ ನೇರ ರಸ್ತೆಯಲ್ಲೇ ಅವನನ್ನು ಹಿಂದೆ ಹಾಕಿದಳು. ಅವಳು ಮೂರನೆಯವಳು, ಅವನು ನಾಲ್ಕನೆಯವನು. ಸೀಟು ಉಳಿಯಿತು. ನಾನು ಗೋಡೆಗೆ ತಲೆಯಿಟ್ಟು ಅತ್ತುಬಿಟ್ಟೆ. ಧಣಿ ಆಗಲೇ ಯಾರಿಗೋ ಫೋನಿನಲ್ಲಿ ಹೂವಿನ ಕಥೆ ಹೇಳುತ್ತಿದ್ದರು. ಗೆದ್ದ ಸಂತೋಷದಲ್ಲೂ ನನ್ನ ಹೊಟ್ಟೆ ಉರಿಯಿತು.

ಹುಡುಗಿ ಹೆಲ್ಮೆಟ್ಟು ತೆಗೆಯುವಷ್ಟರಲ್ಲಿ ನಾನು ಅವ್ವನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಇಳಿದಳಾ?"

"ಇಳಿದಳವ್ವ. ಆರಾಮ ಅದಾಳ."

ಅವ್ವ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳು ಎಂದೂ ಕೇಳದ ಮಾತು ಕೇಳಿದಳು. "ಆ ಹುಡುಗನ ಹಿಂದ ಬಂದಳೇನು?"

"ಇಲ್ಲ, ಮುಂದ! ಸೀಟು ಈಕಿದಽ ಆತು."

ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಅವ್ವಾ ಎಂದೆ.

"ದೊಡ್ಡದು ಹಾಕಿದ್ರ ನಿಧಾನ ಹೋಗತೈತಿ ಅಂದಿದ್ದಿಯಲ್ಲ ನೀನು," ಎಂದಳು.

"ನೇರ ರಸ್ತಿಮ್ಯಾಲ ನಿಧಾನ ಅವ್ವ. ತಿರುವಿನ್ಯಾಗ..."

"ತಿರುವಿಂದು ನೀ ಹೇಳಲೇ ಇಲ್ಲ ನನಗ." ಅವಳ ದನಿ ಒಡೆದಿತ್ತು. "ಬಲಗಡಿ ಹೂವಿಗೆ ಗಂಧ ಗಟ್ಟಿ ಮೆತ್ತಿದ್ದೆ, ಬೀಳಬಾರದಂತ. ಎಡಗಡಿಗೆ ಬರೇ ನೀರು ಹಚ್ಚಿದ್ದೆ. ನಿಧಾನ ಹೋಗಲಿ, ಸೋಲಲಿ, ಇದು ಇಲ್ಲಿಗೇ ಮುಗದು ಮನಿಗೆ ಬರಲಿ ಅಂತ. ಒಬ್ಬಾಕಿನ್ನ ರಸ್ತಿ ನುಂಗಿ ಕುಂತೈತಿ. ಈಕಿನ್ನ ನನ್ನ ಕೈಯಾರ ನಾನಽ ಮತ್ತ ರಸ್ತಿಗೆ ಹಾಕಿದೆನಲ್ಲವ್ವ."

ಅಷ್ಟರಲ್ಲಿ ಹುಡುಗಿ ಓಡಿ ಬಂದು, ಬೆವರು ಸುರಿಯುತ್ತಿದ್ದ ಕೈಯಲ್ಲೇ ಫೋನು ಕಿತ್ತುಕೊಂಡು ಸ್ಪೀಕರು ಹಾಕಿದಳು.

"ಅಜ್ಜೀ! ನಿನ್ನ ಹೂವಽ ಗೆಲ್ಲಿಸಿತು ನೋಡು! ಸಣ್ಣದು ಹಾಕಿದ್ರ ಇವತ್ತು ನನ್ನ ಕಥಿ ಮುಗೀತಿತ್ತು. ಮುಂದಿನ ವರ್ಷ ಎಲ್ಲಾ ರೇಸಿಗೂ ನೀನಽ ಹೂ ಕೇಳಬೇಕು. ಕೇಳತೀ ಹೌದಿಲ್ಲೋ?"

ನಾನು ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಅವಳು ನಗುತ್ತಿದ್ದಳು.

"ಕೇಳತೀನಿ ತಾಯಿ," ಎಂದಳು ಅವ್ವ. "ಛಲೋ ಆತು. ಊಟ ಮಾಡಿದೇನು?"